ಗುಳಿಗೆಗೆ ಗುಳಿಗೆ ವೈರಿಯೆ?

ಹಿರಿಯರೂ ಕಿರಿಯರೂ ಕೂಡಿ ಓದುವ ಈ ಪತ್ರಿಕೆಯಲ್ಲಿ ಗರ್ಭನಿರೋಧದ ಗುಳಿಗೆಯ ವಿಚಾರವನ್ನು ಎತ್ತುವುದು ಉಚಿತವೆ ಎಂದು ಕೆಲವು ವಾಚಕರು ಹುಬ್ಬುಗಂಟಿಕ್ಕಬಹುದು. ನಾವೂ ಒಂದೆರಡು ದಿನ ಹಿಂಜರಿದೆವು. ಆದರೆ ನಮ್ಮ ಬೀದಿಯಲ್ಲಿಯೆ ನಡೆದು, ನಮ್ಮ ಮನೆಯವರ ಮೂಲಕ ನಮಗೆ ತಿಳಿದುಬಂದ ಎರಡು ಸಂಗತಿಗಳು ಆ ಸಂಕೋಚವನ್ನು ಕಳೆದುವು. ಸಂಬಂಧಪಟ್ಟ ಇಬ್ಬರು ಹೆಣ್ಣುಮಕ್ಕಳ ಅನುಮತಿಯಿಂದಲೆ, ಹೆಸರು ಬಿಟ್ಟು, ಇಲ್ಲಿ ಹೇಳುತ್ತೇವೆ.

ಮೊದಲನೆಯವಳು ಹಿಂದೆ ನಮ್ಮ ಶಿಷ್ಯೆ. ಈಗ ಇಬ್ಬರು ಮಕ್ಕಳ ತಾಯಿ. ಹಲ್ಲಿನ ವಸಡು ಕೀವುಗಟ್ಟಿ ಬಾತುದರಿಂದ ವೈದ್ಯರು ಐದು ದಿನಕ್ಕೆ ಅಮಾಕ್ಸಿಸಿಲಿನ್ ಕೊಟ್ಟರು. ಔಷಧದ ಅಂಗಡಿಯವನೊಬ್ಬನು, "ಇದನ್ನು ನುಂಗಿದರೆ ನಿಮ್ಮ ಆ ಗುಳಿಗೆ ಕೆಲಸ ಮಾಡುವುದಿಲ್ಲ" ಎಂದುಬಿಟ್ಟನು. ಆಕೆ ಹೆದರಿ ಎರಡನೆಯ ದಿನಕ್ಕೇ ಔಷಧವನ್ನು ಬಿಟ್ಟಳು. ಬಾವು ಕೆನ್ನೆಗೆ ಏರಿತು. ಎರಡನೆಯವಳು ಕ್ಷಯರೋಗಕ್ಕೆ ದಿನವೂ ಔಷಧ ಸೇವಿಸುತ್ತಿದ್ದ ಸೊಸೆ. ಮಾಲಾ-ಎನ್ ಗುಳಿಗೆಯನ್ನೂ ತಪ್ಪದೆ ನುಂಗುತ್ತಿದ್ದಳು. ಇದನ್ನು ಕೊಟ್ಟವರು ಅದನ್ನು ಕೇಳಲಿಲ್ಲ, ಅದನ್ನು ಕೊಟ್ಟವರು ಇದನ್ನು ಕೇಳಲಿಲ್ಲ. ಇವಳೂ ನಾಚಿಕೆಯಿಂದ ಹೇಳಲಿಲ್ಲ. ನಾಲ್ಕನೆಯ ತಿಂಗಳಲ್ಲಿ ಗರ್ಭ ನಿಂತಿತು. ಒಬ್ಬಳು ಹಗ್ಗವನ್ನು ಹಾವೆಂದು ಬೆದರಿದಳು. ಇನ್ನೊಬ್ಬಳು ಹಾವನ್ನು ಹಗ್ಗವೆಂದು ಹಿಡಿದಳು. ಎರಡಕ್ಕೂ ಮೂಲ ಒಂದೇ ಅಜ್ಞಾನ.

ಸರ್ಕಾರದ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುವ ಮಾಲಾ-ಎನ್ ಪೊಟ್ಟಣದಲ್ಲಿ 28 ಗುಳಿಗೆಗಳುಂಟು. 21ರಲ್ಲಿ ಎರಡು ಬಗೆಯ ಹಾರ್ಮೋನು. ಉಳಿದ 7ರಲ್ಲಿ ಕಬ್ಬಿಣದ ಸತ್ವ ಮಾತ್ರ. ಆ ಹಾರ್ಮೋನು ರಕ್ತದಲ್ಲಿ ತಕ್ಕ ಪ್ರಮಾಣದಲ್ಲಿ ಇರುವವರೆಗೆ ಅಂಡವು ಬಿಡುಗಡೆಯಾಗದು. ಪಿತ್ತಕೋಶದ ನೆರೆಯ ಯಕೃತ್ತು ಅದನ್ನು ದಿನವೂ ಒಡೆದು ಹೊರಗೆ ಹಾಕುತ್ತಲೇ ಇರುವುದರಿಂದ ದಿನವೂ ಹೊಸದಾಗಿ ನುಂಗಬೇಕಾಗುತ್ತದೆ.

ಕ್ಷಯರೋಗದ ಮುಖ್ಯ ಔಷಧವಾದ ರಿಫಾಂಪಿಸಿನ್ ಕೈಹಾಕುವುದು ಇಲ್ಲಿಯೆ. 1957ರಲ್ಲಿ ಫ್ರಾನ್ಸಿನ ದಕ್ಷಿಣ ಕಡಲ ತೀರದ ಪೈನ್ ಮರದ ಕಾಡಿನಿಂದ ತಂದ ಮಣ್ಣಿನಲ್ಲಿ ದೊರೆತ ಸೂಕ್ಷ್ಮಜೀವಿಯಿಂದ ಇಟಲಿಯ ವಿಜ್ಞಾನಿಗಳು ಈ ಔಷಧಕುಲವನ್ನು ಪಡೆದರು. ಅದು ಯಕೃತ್ತಿನಲ್ಲಿ ಔಷಧಗಳನ್ನು ಒಡೆಯುವ ಕಿಣ್ವಗಳನ್ನು ಹೆಚ್ಚಿಸುತ್ತದೆ. ಹತ್ತು ಆಳುಗಳಿದ್ದ ಕಣದಲ್ಲಿ ಮೂವತ್ತು ಆಳುಗಳು ನಿಂತರೆ ರಾಶಿ ಎಷ್ಟು ಬೇಗ ಕರಗುವುದೋ ಹಾಗೆಯೇ ಹಾರ್ಮೋನು ಕರಗುತ್ತದೆ. ಈ ಔಷಧ ಸೇವಿಸುವ ಸ್ತ್ರೀಯರಿಗೆ ನಡುವೆ ನಡುವೆ ರಕ್ತಸ್ರಾವವಾಗುವುದನ್ನು 1971ರಲ್ಲಿ ಜರ್ಮನಿಯ ವೈದ್ಯರು ಗಮನಿಸಿದರು. ಔಷಧ ನಿಂತ ಮೇಲೂ ಸುಮಾರು ನಾಲ್ಕು ವಾರ ಈ ಪರಿಣಾಮ ಉಳಿಯುವುದು. ರೋಗಿಯ ಮನೆಯವರಿಗೆ ರೋಗ ಬಾರದಿರಲೆಂದು ವಾರಕ್ಕೊಮ್ಮೆ ಕೊಡುವ ರಿಫಾಪೆಂಟಿನ್ ಸಹ ಇದೇ ಕುಲದ್ದು. ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್‌ಗಳು ಬೇರೆ ಜಾತಿಯ ಔಷಧಗಳಾದರೂ ಇದೇ ಕೆಲಸವನ್ನು ಮಾಡುತ್ತವೆ.

ಹಾಗಾದರೆ ಗಂಟಲುನೋವಿಗೂ ಹಲ್ಲುಬಾವಿಗೂ ಕೊಡುವ ಅಮಾಕ್ಸಿಸಿಲಿನ್, ಅಜಿತ್ರೊಮೈಸಿನ್, ಡಾಕ್ಸಿಸೈಕ್ಲಿನ್ ಮೊದಲಾದುವುಗಳ ಗತಿಯೇನು? ಇವುಗಳ ಮೇಲೆಯೂ ಬಹುಕಾಲ ಅಪವಾದವಿತ್ತು. 1970ರ ದಶಕದಲ್ಲಿ ಆಂಪಿಸಿಲಿನ್ ಸೇವಿಸಿದ ಕೆಲವರು ಗರ್ಭಿಣಿಯರಾದ ವರದಿಗಳು ಬಂದುವು. ಹಾರ್ಮೋನಿನ ಒಂದು ಭಾಗ ಪಿತ್ತರಸದೊಡನೆ ಕರುಳಿಗಿಳಿದು, ಅಲ್ಲಿನ ಸೂಕ್ಷ್ಮಜೀವಿಗಳ ನೆರವಿನಿಂದ ಮರಳಿ ರಕ್ತಕ್ಕೆ ಸೇರುವುದು. ಆ ಜೀವಿಗಳು ಸತ್ತರೆ ಹಾರ್ಮೋನು ನಷ್ಟವಾಗುವುದೆಂಬುದು ಅಂದಿನ ತರ್ಕ. ತರ್ಕ ಸೊಗಸಾಗಿದ್ದಿತು, ಆದರೆ ರಕ್ತವನ್ನು ಪರೀಕ್ಷಿಸಿ ನೋಡಿದಾಗ ಹಾರ್ಮೋನು ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಬ್ರಿಟನ್ನಿನ ತಜ್ಞರು 2011ರಲ್ಲಿ, ಈ ಸಾಮಾನ್ಯ ಔಷಧಗಳೊಡನೆ ಬೇರೆ ಮುನ್ನೆಚ್ಚರಿಕೆ ಬೇಡವೆಂದು ತಮ್ಮ ಹಳೆಯ ಸಲಹೆಯನ್ನು ತಿದ್ದಿಕೊಂಡರು. ವಿಶ್ವ ಆರೋಗ್ಯ ಸಂಸ್ಥೆಯೂ ಇವುಗಳಿಗೆ ನಿರ್ಬಂಧ ಹಾಕಿಲ್ಲ. 2020ರಲ್ಲಿ ಬ್ರಿಟನ್ನಿನ ಔಷಧ ದೂರುಗಳನ್ನು ಎಣಿಸಿದ ಇಬ್ಬರು ವಿದ್ವಾಂಸರು ಮತ್ತೆ ಸಂದೇಹವೆತ್ತಿದುದು ನಿಜ. ಆದರೆ ದೂರು ಬಂದುದರಿಂದಲೆ ಕಾರಣ ಸಿದ್ಧವಾಗದು.

ಕಾಗೆ ಕುಳಿತೊಡನೆ ತಾಳೆಯ ಹಣ್ಣು ಬಿದ್ದರೆ ಕಾಗೆಯೇ ಬೀಳಿಸಿತೆನ್ನುವುದು ಲೋಕರೂಢಿ. ಇದನ್ನೇ ಶಾಸ್ತ್ರಜ್ಞರು ಕಾಕತಾಳೀಯವೆಂದರು. ಗುಳಿಗೆಯನ್ನು ನಂಬಿದ ನೂರು ಮಂದಿಯಲ್ಲಿ, ಮರೆವು ಮೊದಲಾದ ಮಾನವಸಹಜ ದೋಷಗಳಿಂದ, ವರ್ಷಕ್ಕೆ ಸುಮಾರು 7 ಮಂದಿ ಗರ್ಭಿಣಿಯರಾಗುವರು. ತಪ್ಪದೆ ನುಂಗಿದರೆ ಆ ಸಂಖ್ಯೆ ಒಂದಕ್ಕೂ ಕಡಿಮೆ. ಆ ಏಳರಲ್ಲಿ ಒಬ್ಬಿಬ್ಬರು ಅದೇ ತಿಂಗಳಲ್ಲಿ ಗಂಟಲುನೋವಿಗೆ ಔಷಧ ಸೇವಿಸಿದ್ದರೆ ಅಪವಾದವೆಲ್ಲ ಔಷಧದ ತಲೆಗೆ!

ಒಂದು ಮಾತ್ರ ನೆನಪಿಡತಕ್ಕದ್ದು. ಯಾವ ಔಷಧದಿಂದಾದರೂ, ಕಾಯಿಲೆಯಿಂದಾದರೂ, ಗುಳಿಗೆ ನುಂಗಿದ ಮೂರು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದನ್ನು ನುಂಗಬೇಕು. ಒಂದೆರಡು ದಿನ ಬಿಡದೆ ಭೇದಿಯಾದರೆ ಗುಳಿಗೆ ತಪ್ಪಿದಂತೆಯೇ ಎಣಿಸಿ, ಗುಣವಾದ ಮೇಲೆ ಏಳು ದಿನ ಸತತವಾಗಿ ಗುಳಿಗೆ ನುಂಗುವವರೆಗೆ ನಿರೋಧವನ್ನೂ ಬಳಸುವುದು ಕ್ಷೇಮ.

ಕ್ಷಯದ ಔಷಧ ಸೇವಿಸುವವರು ಅದನ್ನು ಯಾವ ಕಾರಣಕ್ಕೂ ನಿಲ್ಲಿಸಕೂಡದು; ಬದಲಿಸಬೇಕಾದುದು ಗರ್ಭನಿರೋಧದ ಮಾರ್ಗ. ತಾಮ್ರದ ವಂಕಿಗೂ, ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದಿಗೂ ರಿಫಾಂಪಿಸಿನ್ನಿನ ಭಯವಿಲ್ಲ. ತುರ್ತುಗುಳಿಗೆಯನ್ನು ನೆಚ್ಚುವಂತಿಲ್ಲ, ಅದರ ಬಲವೂ ಕುಂದುವುದು. ಯಾವುದು ತಕ್ಕುದೆಂಬುದನ್ನು ವೈದ್ಯರೊಡನೆ ನಿಶ್ಚಯಿಸಬೇಕು.

ಇಲ್ಲಿ ಮನೆಯ ಯಜಮಾನರಿಗೂ ಒಂದು ಮಾತು. ಸೊಸೆಯಾಗಲಿ ಮಗಳಾಗಲಿ ವೈದ್ಯರ ಮುಂದೆ ಈ ಗುಳಿಗೆಯ ಹೆಸರೆತ್ತಲು ನಾಚುವುದು ನಾವು ಕಲಿಸಿದ ನಾಚಿಕೆ. ತಾವು ಸೇವಿಸುವ ಸಮಸ್ತ ಔಷಧಗಳನ್ನೂ ಒಂದು ಚೀಟಿಯಲ್ಲಿ ಬರೆದು ವೈದ್ಯರ ಕೈಗಿತ್ತರೆ ಬಾಯಿಬಿಟ್ಟು ಹೇಳಬೇಕಾದ ಕಷ್ಟವೂ ತಪ್ಪುವುದು. ಗಂಡಂದಿರು ಆ ಚೀಟಿಯನ್ನು ಬರೆಯಲು ಜೊತೆಗೆ ಕುಳಿತರೆ ಇನ್ನೂ ಒಳ್ಳೆಯದು.

ನಮ್ಮ ಶಿಷ್ಯೆ ಔಷಧವನ್ನು ಮೊದಲಿನಿಂದ ಮತ್ತೆ ಸೇವಿಸಿ ಗುಣಹೊಂದಿದಳು; ತನ್ನ ಗುಳಿಗೆಯನ್ನೂ ಬಿಡಲಿಲ್ಲ. ಎರಡನೆಯವಳು ವೈದ್ಯರ ಮಾತಿನಂತೆ ಕ್ಷಯದ ಔಷಧವನ್ನು ಮುಂದುವರಿಸಿದ್ದಾಳೆ. ಮುಂದಿನದು ಅವಳೂ ಅವಳ ಗಂಡನೂ ಕೂಡಿ ನಿರ್ಣಯಿಸತಕ್ಕ ವಿಷಯ. ಆದರೆ ಮೊದಲನೆಯ ದಿನವೇ ಯಾರಾದರೊಬ್ಬರು ಒಂದು ಪ್ರಶ್ನೆ ಕೇಳಿದ್ದರೆ ಆ ನಿರ್ಣಯದ ಭಾರ ಅವಳ ಮೇಲೆ ಬೀಳುತ್ತಿರಲಿಲ್ಲ.