ಕೈಯಿಂದ ಕೈಗೆ ಬರುವ ಕಾವ್ಯ

ಹಳೆಯ ಪುಸ್ತಕದ ಅಂಗಡಿಗೆ ಹೋಗುವವರಲ್ಲಿ ಎರಡು ಬಗೆಯವರುಂಟು. ಬೇಕಾದ ಪುಸ್ತಕದ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಇದ್ದರೆ ಕೊಂಡು, ಇಲ್ಲದಿದ್ದರೆ ಬರಿಗೈಯಲ್ಲಿ ಹಿಂದಿರುಗುವವರು ಮೊದಲನೆಯವರು. ತಮಗೆ ಬೇಕಾದುದೇನೆಂಬುದು ತಮಗೇ ತಿಳಿಯದೆ, ಅಂಗಡಿಯೇ ಅದನ್ನು ತಿಳಿಸಲಿ ಎಂದು ಹೋಗಿ ನಿಲ್ಲುವವರು ಎರಡನೆಯವರು. ನಾನು ಇಪ್ಪತ್ತು ವರ್ಷಗಳಿಂದ ಈ ಎರಡನೆಯ ಪಂಗಡಕ್ಕೆ ಸೇರಿದವನು. ಈ ಚಪಲದಿಂದ ನನ್ನ ಸಂಸಾರಕ್ಕೆ ಆದ ನಷ್ಟವನ್ನು ಇಲ್ಲಿ ವಿವರಿಸುವುದು ಉಚಿತವಲ್ಲ. ಅದರಿಂದ ನನಗೆ ದೊರೆತ ಒಂದು ಪಾಠವನ್ನು ಮಾತ್ರ ವಾಚಕರ ಮುಂದಿಡಬೇಕೆಂದಿದ್ದೇನೆ. ಆ ಪಾಠ ಪುಸ್ತಕವನ್ನು ಪಡೆಯುವುದಕ್ಕೆ ಸಂಬಂಧಿಸಿದ್ದಲ್ಲ, ಕೊಡುವುದಕ್ಕೆ ಸಂಬಂಧಿಸಿದ್ದು.

ಬೆಂಗಳೂರಿನ ಅವೆನ್ಯೂ ರಸ್ತೆಯನ್ನು ಬಲ್ಲವರಿಗೆ ಹೆಚ್ಚು ವರ್ಣನೆ ಬೇಕಾಗಿಲ್ಲ. ಹಿಂದೆ ದೊಡ್ಡಪೇಟೆ ಎನಿಸಿಕೊಂಡಿದ್ದ ಆ ಇಕ್ಕಟ್ಟಾದ ಬೀದಿಯನ್ನು ಮೈಸೂರು ಬ್ಯಾಂಕ್ ವೃತ್ತದ ಕಡೆಯಿಂದ ಹೊಕ್ಕರೆ, ಆಳೆತ್ತರದ ಪುಸ್ತಕದ ರಾಶಿಗಳು ಎದುರಾಗುತ್ತವೆ. ಅವುಗಳಲ್ಲಿ ಬಹುಪಾಲು ಎಂಜಿನಿಯರಿಂಗ್, ವಾಣಿಜ್ಯ, ಸ್ಪರ್ಧಾತ್ಮಕ ಪರೀಕ್ಷೆ, ಗೈಡು. ವರ್ಷದ ಕೊನೆಯಲ್ಲಿ ವಿದ್ಯಾರ್ಥಿಗಳು ತಂದು ಮಾರಿದ್ದನ್ನು ವರ್ಷದ ಮೊದಲಲ್ಲಿ ಬೇರೆ ವಿದ್ಯಾರ್ಥಿಗಳು ಬಂದು ಕೊಳ್ಳುತ್ತಾರೆ. ಅಂಗಡಿಯ ಬಾಡಿಗೆಯನ್ನು ತೆರುವುದು ಈ ಪುಸ್ತಕಗಳು, ಪಂಪ ರನ್ನರಲ್ಲ. ಕಾವ್ಯಗಳು ಅಲ್ಲಿಗೆ ಬರುವ ದಾರಿಯೇ ಬೇರೆ. ಎಲ್ಲಿಯೋ ಒಂದು ಮನೆ ಕೆಡವಬೇಕಾಗುತ್ತದೆ, ಯಾರೋ ವೃದ್ಧರು ತೀರಿಕೊಳ್ಳುತ್ತಾರೆ, ಮಕ್ಕಳು ದೂರದೇಶದಲ್ಲಿರುತ್ತಾರೆ, ಗೋಡೆಯ ತುಂಬ ಇದ್ದ ಪುಸ್ತಕಗಳನ್ನು ಎಲ್ಲಿಡುವುದೆಂದು ತಿಳಿಯದೆ ತೂಕಕ್ಕೆ ಹಾಕುತ್ತಾರೆ. ಅವರನ್ನು ನಾವು ಹಳಿಯಬೇಕಾಗಿಲ್ಲ. ಪುಸ್ತಕವು ಓದಿದವನಿಗೆ ಮಾತ್ರ ಆಸ್ತಿ. ಓದದ ವಾರಸುದಾರನಿಗೆ ಅದು ಭಾರ. ಅಲ್ಲಿಂದ ಗುಜರಿಯವನ ಗಾಡಿಗೆ, ಅವನಿಂದ ಹಳೆಯ ಪುಸ್ತಕದ ಅಂಗಡಿಗೆ. ಈ ನಡುವಿನ ಹಂತದಲ್ಲಿ ಎಷ್ಟು ಕಾವ್ಯಗಳು ಕಾಗದದ ಗಿರಣಿಯ ಪಾಲಾಗುತ್ತವೆಯೋ ಬಲ್ಲವರಾರು? ಕನ್ನಡದ ಹಳೆಯ ಮುದ್ರಣವೊಂದನ್ನು ಕಂಡು ‘ಇದು ಇರಲಿ’ ಎಂದು ಪಕ್ಕಕ್ಕೆ ಎತ್ತಿಡುವ ವ್ಯಾಪಾರಿ, ತಾನರಿಯದೆಯೇ ಒಬ್ಬ ಗ್ರಂಥಸಂರಕ್ಷಕ. ಅಂಥವರೊಬ್ಬರನ್ನು ನಾನು ಒಮ್ಮೆ ಕೇಳಿದೆ: “ಮೂರು ವರ್ಷದಿಂದ ಈ ಪುಸ್ತಕ ಇಲ್ಲೇ ಇದೆಯಲ್ಲ, ಏಕೆ ಇಟ್ಟಿದ್ದೀರಿ?” ಅವರು ತಲೆಯೆತ್ತದೆ ಹೇಳಿದರು: “ಅದರವನು ಒಬ್ಬ ಬರುತ್ತಾನೆ ಸ್ವಾಮಿ.” ಸಾಹಿತ್ಯದಲ್ಲಿ ಇಷ್ಟು ನಂಬಿಕೆಯನ್ನು ಇರಿಸಿಕೊಂಡ ಅಧ್ಯಾಪಕರನ್ನು ನಾನು ಹೆಚ್ಚಾಗಿ ಕಂಡಿಲ್ಲ.

‘ಇಂದಿನ ಹುಡುಗರಿಗೆ ಹಳಗನ್ನಡ ಬೇಡ’ ಎಂಬುದು ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ದಿನವೂ ಕೇಳಿಬರುವ ಮಾತು. ನಾನೂ ಅದನ್ನು ಬಹುಕಾಲ ಆಡಿದ್ದೇನೆ. ಈಗ ಅದು ಅರ್ಧಸತ್ಯವೆಂದು ತೋರುತ್ತದೆ. ನಾವು ಹುಡುಗರ ಕೈಗೆ ಕೊಡುವುದೇನು? ಪಠ್ಯಪುಸ್ತಕದಲ್ಲಿ ಮೂವತ್ತು ನಲವತ್ತು ಪದ್ಯಗಳ ಒಂದು ತುಣುಕು, ಅದರ ಹಿಂದೆ ಕವಿಯ ಕಾಲ, ಮತ, ಆಶ್ರಯದಾತ, ಮುಂದೆ ಪ್ರಶ್ನೆಗಳು. ಇಡಿಯ ಮರವನ್ನು ಕಾಣದೆ ಒಂದು ರೆಂಬೆಯನ್ನು ಮಾತ್ರ ಕಂಡವನಿಗೆ ನೆರಳಿನ ಸುಖ ಹೇಗೆ ತಿಳಿಯಬೇಕು? ಕಾವ್ಯ ಬೇಡವೆಂದು ವಿದ್ಯಾರ್ಥಿ ಹೇಳಿದನೆಂದರೆ, ಕಾವ್ಯವನ್ನು ಅವನು ಮೊದಲು ಕಂಡಿರಬೇಕಷ್ಟೆ. ಅವನು ಕಂಡಿರುವುದು ಕಾವ್ಯಭಾಗವನ್ನು.

ಇಡಿಯ ಕಾವ್ಯ ನಮ್ಮ ಕೈಗೆ ಬಂದುದಾದರೂ ಸುಲಭವಾಗಿ ಬಂದುದಲ್ಲ. ಪಂಪನು ‘ವಿಕ್ರಮಾರ್ಜುನ ವಿಜಯ’ವನ್ನು ಬರೆದದ್ದು ೯೪೧ರಲ್ಲಿ. ಅದು ಬಿ. ಎಲ್. ರೈಸರ ಪ್ರಯತ್ನದಿಂದ ಅಚ್ಚಿನ ಮುಖ ಕಂಡದ್ದು ೧೮೯೮ರಲ್ಲಿ. ನಡುವಣ ಒಂಬತ್ತು ನೂರೈವತ್ತು ವರ್ಷಗಳಿಗೂ ಮಿಕ್ಕಿದ ಕಾಲವನ್ನು ಆ ಕಾವ್ಯ ದಾಟಿ ಬಂದದ್ದು ಹೇಗೆ? ಒಬ್ಬನು ಓಲೆಯ ಮೇಲೆ ಬರೆದದ್ದನ್ನು ಅದು ಜೀರ್ಣವಾಗುವ ಮೊದಲು ಇನ್ನೊಬ್ಬನು ಪ್ರತಿಮಾಡಿದ್ದರಿಂದ. ಅದೇ ವರ್ಷ ಕೆ. ಬಿ. ಪಾಠಕರ ಸಂಪಾದನೆಯಲ್ಲಿ ‘ಕವಿರಾಜಮಾರ್ಗ’ವೂ ಬೆಳಕಿಗೆ ಬಂದಿತು. ನಡುವೆ ಎಲ್ಲಿಯಾದರೂ ಒಂದು ತಲೆಮಾರು, ‘ನಮಗೇಕೆ ಈ ಹಳೆಯ ಓಲೆ’ ಎಂದು ಕೈಚೆಲ್ಲಿದ್ದರೆ ನಮ್ಮ ಸಾಹಿತ್ಯದ ಮೊದಲ ಪುಟಗಳೇ ಇರುತ್ತಿರಲಿಲ್ಲ. ಎಷ್ಟೋ ಕಾವ್ಯಗಳಿಗೆ ಹಾಗೆ ಆಗಿಯೂ ಇದೆ. ಅವು ನಮಗೆ ಹೆಸರುಗಳಾಗಿ ಮಾತ್ರ ಉಳಿದಿವೆ.

ಈ ಕೈದಾಟಿಕೆಯ ಮಹತ್ತ್ವವನ್ನು ಚೆನ್ನಾಗಿ ಅರಿತವಳು ಅತ್ತಿಮಬ್ಬೆ. ಹತ್ತನೆಯ ಶತಮಾನದ ಆ ಮಹಾತಾಯಿ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಎಲ್ಲ ವಿದ್ಯಾರ್ಥಿಗಳೂ ಬಲ್ಲ ಸಂಗತಿ, ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುವ ಸಂಗತಿ. ಆದರೆ ಅದನ್ನು ಒಂದು ಕ್ಷಣ ಕಣ್ಣಿಗೆ ತಂದುಕೊಂಡವರೆಷ್ಟು ಜನ? ಅಚ್ಚಿನ ಯಂತ್ರವಿಲ್ಲ. ಒಂದೊಂದು ಅಕ್ಷರವನ್ನೂ ಕಂಟದಿಂದ ಓಲೆಯ ಮೇಲೆ ಕೊರೆಯಬೇಕು. ಹಾಗೆ ಸಾವಿರ ಪ್ರತಿ! ಅವಳು ಅದನ್ನು ಮಾಡಿಸಿದ್ದು ತನ್ನ ಭಂಡಾರದಲ್ಲಿಡುವುದಕ್ಕಲ್ಲ, ಕೊಟ್ಟುಬಿಡುವುದಕ್ಕೆ. ಶಾಸ್ತ್ರದಾನವೆಂದು ಆ ಕಾಲದವರು ಅದನ್ನು ಕರೆದರು. ಅವಳ ಆಶ್ರಯದಲ್ಲಿ ರನ್ನನು ‘ಅಜಿತಪುರಾಣ’ವನ್ನು ೯೯೩ರಲ್ಲಿ ಮುಗಿಸಿ ‘ದಾನಚಿಂತಾಮಣಿ’ಯೆಂದು ಅವಳನ್ನು ಹೊಗಳಿದುದು ಬರಿಯ ಉಪಚಾರದ ಮಾತಲ್ಲ.

ಈ ಪರಂಪರೆ ಅಚ್ಚಿನ ಕಾಲಕ್ಕೂ ಹರಿದು ಬಂದಿದೆ. ಬಿಜಾಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆಗಳಲ್ಲಿದ್ದ ಓಲೆಯ ಕಟ್ಟುಗಳನ್ನು ಅರಸಿ ಅಲೆದು, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, ಮುಂದೆ ಅದಕ್ಕಾಗಿಯೇ ಮುದ್ರಣಾಲಯವನ್ನೂ ತೆರೆದರು. ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದರು. ಪುಸ್ತಕವನ್ನು ಬರೆದರೆ ಸಾಲದು, ಅಚ್ಚು ಮಾಡಿದರೂ ಸಾಲದು, ಅದನ್ನು ಓದುಗನ ಮನೆಯ ಬಾಗಿಲಿಗೆ ಒಯ್ಯಬೇಕೆಂಬುದು ಅವರ ತಿಳಿವಳಿಕೆಯಾಗಿತ್ತು. ಇಷ್ಟೆಲ್ಲ ಕೈಗಳನ್ನು ದಾಟಿ ಬಂದ ಪುಸ್ತಕ ನಮ್ಮ ಕೈಯಲ್ಲಿ ಬಂದು ನಿಂತುಬಿಡಬಹುದೇ?

ಈ ಪ್ರಶ್ನೆಯನ್ನು ನಾನು ಇತರರಿಗೆ ಹಾಕುವ ಮೊದಲು ನನಗೆ ಹಾಕಿಕೊಳ್ಳಬೇಕಾಗಿ ಬಂದ ಪ್ರಸಂಗವನ್ನು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಬಿ.ಎ. ತರಗತಿಯ ಹುಡುಗನೊಬ್ಬ ಪಾಠ ಮುಗಿದ ಮೇಲೆ ನನ್ನ ಹಿಂದೆಯೇ ಬಂದು, “ಸಾರ್, ಗದಾಯುದ್ಧ ಪೂರ್ತಿ ಓದಬೇಕು, ನಿಮ್ಮ ಹತ್ತಿರ ಇದೆಯೇ?” ಎಂದು ಕೇಳಿದ. ನನ್ನಲ್ಲಿ ಅದರ ಎರಡು ಪ್ರತಿಗಳಿದ್ದವು. ಆದರೆ ಒಮ್ಮೆ ಕೊಟ್ಟ ಪುಸ್ತಕ ಹಿಂದಿರುಗಿ ಬರುವುದಿಲ್ಲವೆಂಬ ಅನುಭವ ಎಲ್ಲ ಪುಸ್ತಕಪ್ರೇಮಿಗಳಂತೆ ನನಗೂ ಉಂಟು. “ಗ್ರಂಥಾಲಯದಲ್ಲಿ ನೋಡಪ್ಪ” ಎಂದೆ. ಗ್ರಂಥಾಲಯದ ಪ್ರತಿ ಬೀರುವಿನಲ್ಲಿತ್ತು, ಬೀರುವಿಗೆ ಬೀಗವಿತ್ತು, ಬೀಗದ ಕೈ ಯಾರಲ್ಲಿದೆಯೆಂಬುದು ಆ ದಿನ ಯಾರಿಗೂ ತಿಳಿದಿರಲಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹಾಗೆ ಹೇಳಿದೆ. ಹುಡುಗ ಮತ್ತೆ ಕೇಳಲಿಲ್ಲ.

ಅದಾದ ಕೆಲವು ತಿಂಗಳಿಗೆ ಹಳೆಯ ಪುಸ್ತಕದ ಅಂಗಡಿಯೊಂದರಲ್ಲಿ, ಗೈಡುಗಳ ಅಡಿಯಲ್ಲಿ, ರಟ್ಟು ಸಡಿಲಿದ ಇನ್ನೊಂದು ‘ಗದಾಯುದ್ಧ’ ಕೈಗೆ ಸಿಕ್ಕಿತು. ಮೂರನೆಯ ಪ್ರತಿ ನನಗೇಕೆ? ಆದರೂ ತೆರೆದೆ. ಒಳಪುಟದಲ್ಲಿದ್ದ ಸಹಿಯನ್ನು ನೋಡಿದ ಕೂಡಲೇ ಕಾಲ ಕೆಳಗಿನ ನೆಲ ಸ್ವಲ್ಪ ಅಲುಗಿದಂತಾಯಿತು. ಅದು ನನಗೆ ಎಂ.ಎ. ತರಗತಿಯಲ್ಲಿ ರನ್ನನನ್ನು ಪಾಠ ಹೇಳಿದ ಗುರುಗಳ ಸಹಿ. ಅವರು ತೀರಿಕೊಂಡು ಆಗ ಒಂದು ವರ್ಷವಾಗಿತ್ತು. ಪುಟಗಳನ್ನು ತಿರುವುತ್ತ ಹೋದೆ. ಅಂಚಿನಲ್ಲೆಲ್ಲ ಪೆನ್ಸಿಲಿನ ಸಣ್ಣ ಅಕ್ಷರಗಳು: ಪಾಠಾಂತರ, ವ್ಯುತ್ಪತ್ತಿ, ಪಂಪನೊಡನೆ ಹೋಲಿಕೆ. ದುರ್ಯೋಧನನು ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತ ಅಭಿಮನ್ಯುವಿನ ಬಳಿಗೆ ಬಂದು, ಶತ್ರುವಿನ ಮಗನೆಂಬುದನ್ನು ಮರೆತು ಅವನಂಥ ಮರಣ ತನಗೂ ದೊರೆಯಲೆಂದು ಪ್ರಾರ್ಥಿಸುವ ಸಂದರ್ಭದಲ್ಲಿ ಮಾತ್ರ ವ್ಯಾಖ್ಯಾನವೇನೂ ಇರಲಿಲ್ಲ. ಅಲ್ಲಿ ಎರಡೇ ಮಾತುಗಳಿದ್ದವು: “ಇಲ್ಲಿ ನಿಲ್ಲಿಸು. ಹುಡುಗರು ಕೇಳಲಿ.”

ಆ ದಿನದ ತರಗತಿ ನನಗೆ ಚೆನ್ನಾಗಿ ನೆನಪಿದೆ. ಗುರುಗಳು ಆ ಪದ್ಯವನ್ನು ಓದಿ ಪುಸ್ತಕವನ್ನು ಮೇಜಿನ ಮೇಲಿಟ್ಟು ಕಿಟಕಿಯ ಕಡೆ ನೋಡುತ್ತ ನಿಂತುಬಿಟ್ಟಿದ್ದರು. ನಾವು ಭಾವಾವೇಶವೆಂದುಕೊಂಡಿದ್ದೆವು. ಅದು ಅವರು ನಮಗಾಗಿ ಬಿಟ್ಟುಕೊಟ್ಟಿದ್ದ ಸ್ಥಳವೆಂಬುದು ಇಪ್ಪತ್ತು ವರ್ಷಗಳ ಮೇಲೆ ಬೀದಿಬದಿಯಲ್ಲಿ ನಿಂತಾಗ ತಿಳಿಯಿತು. ಇನ್ನೊಂದು ಸಂಗತಿಯೂ ನೆನಪಾಯಿತು. ಆ ಪುಸ್ತಕವನ್ನು ಅವರು ಅಂದೇ ಸಂಜೆ, ನಾನು ಕೇಳದೆಯೇ, ನನ್ನ ಕೈಗೆ ಕೊಟ್ಟು “ಇಡಿಯಾಗಿ ಓದಿಕೊಂಡು ಬಾ” ಎಂದಿದ್ದರು. ಒಂದು ತಿಂಗಳು ಅದು ನನ್ನ ಕೊಠಡಿಯಲ್ಲಿತ್ತು. ನಾನು ಕನ್ನಡ ಅಧ್ಯಾಪಕನಾದದ್ದು ಆ ತಿಂಗಳಿನಲ್ಲಿ. ಪದವಿ ಬಂದದ್ದು ಆಮೇಲೆ. ಅಂಗಡಿಯವರು ಎಪ್ಪತ್ತು ರೂಪಾಯಿ ಕೇಳಿದರು. ಚೌಕಾಸಿ ಮಾಡುವ ಮನಸ್ಸಾಗಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಗುರುಗಳ ನೆನಪಿಗಿಂತ ಹೆಚ್ಚಾಗಿ ಆ ಹುಡುಗನ ಮುಖವೇ ಕಣ್ಣ ಮುಂದೆ ನಿಂತಿತ್ತು. ಮರುದಿನ ವಿಚಾರಿಸಿದೆ. ಅವನು ಪರೀಕ್ಷೆ ಮುಗಿಸಿ ಊರಿಗೆ ಹೋಗಿಬಿಟ್ಟಿದ್ದ.

ಪುಸ್ತಕವನ್ನು ಪ್ರೀತಿಸುವುದು ಬೇರೆ, ಸಾಹಿತ್ಯವನ್ನು ಪ್ರೀತಿಸುವುದು ಬೇರೆ. ಮೊದಲ ಮುದ್ರಣ, ಅಪೂರ್ವ ಪ್ರತಿ, ಕವಿಯ ಹಸ್ತಾಕ್ಷರ ಎಂದು ಹುಡುಕಿ ತಂದು ಗಾಜಿನ ಬೀರುವಿನಲ್ಲಿಟ್ಟು ಬಂದವರಿಗೆ ತೋರಿಸುವುದು ಒಂದು ಬಗೆಯ ಒಡವೆಯ ಆಸೆ. ಅದು ತಪ್ಪೆಂದು ನಾನು ಹೇಳಲಾರೆ. ಆ ಆಸೆಯಿದ್ದವರಿಂದಲೇ ಎಷ್ಟೋ ಪುಸ್ತಕಗಳು ಉಳಿದಿವೆ. ಆದರೆ ಆ ಬೀರು ಎಂದಾದರೊಮ್ಮೆ ತೆರೆಯಬೇಕು. ಇಲ್ಲದಿದ್ದರೆ ನಮ್ಮ ಮನೆಗೂ ಗುಜರಿಯ ಗಾಡಿ ಬಂದೇ ಬರುತ್ತದೆ. ನಾವು ಬದುಕಿರುವಾಗ ಆಯ್ದು ಕೊಡದಿದ್ದುದನ್ನು ನಾವು ಸತ್ತ ಮೇಲೆ ತೂಗಿ ಕೊಡುತ್ತಾರೆ, ವ್ಯತ್ಯಾಸ ಇಷ್ಟೇ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ‘ಈಗ ಹಳೆಯ ಗ್ರಂಥಗಳೆಲ್ಲ ಛಾಯಾಪ್ರತಿಗಳಾಗಿ ಅಂತರಜಾಲದಲ್ಲಿ ದೊರೆಯುತ್ತವೆ, ಮೊಬೈಲಿನಲ್ಲಿಯೇ ಓದಬಹುದು, ಈ ಧೂಳಿನ ವ್ಯಾಮೋಹವೇಕೆ?’ ಎಂದು ನನ್ನ ತರುಣ ಸಹೋದ್ಯೋಗಿಯೊಬ್ಬರು ಕೇಳುತ್ತಾರೆ. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಹಿಂದೆ ಮೈಸೂರಿಗೋ ಬೆಂಗಳೂರಿಗೋ ಹೋಗಿ ಅನುಮತಿ ಪಡೆದು ನೋಡಬೇಕಾಗಿದ್ದ ಎಷ್ಟೋ ಮುದ್ರಣಗಳನ್ನು ಇಂದು ಹಳ್ಳಿಯ ವಿದ್ಯಾರ್ಥಿ ಮನೆಯಲ್ಲಿ ಕುಳಿತು ನೋಡಬಲ್ಲ. ಇದು ಅತ್ತಿಮಬ್ಬೆಯೂ ಮೆಚ್ಚುವ ದಾನ. ೧೯೯೩ರಲ್ಲಿ ಸ್ಥಾಪನೆಯಾದ ಕನ್ನಡ ಪುಸ್ತಕ ಪ್ರಾಧಿಕಾರದಂಥ ಸಂಸ್ಥೆಗಳು ಕಡಿಮೆ ಬೆಲೆಗೆ ಪುಸ್ತಕಗಳನ್ನು ಪ್ರಕಟಿಸುತ್ತಿರುವುದೂ ಸಂತೋಷದ ವಿಷಯವೇ. ಆದರೆ ಹುಡುಕಲು ಹೆಸರು ತಿಳಿದಿರಬೇಕು. ‘ವಡ್ಡಾರಾಧನೆ’ಯೆಂಬ ಗದ್ಯಗ್ರಂಥವೊಂದಿದೆಯೆಂದೂ, ಡಿ. ಎಲ್. ನರಸಿಂಹಾಚಾರ್ಯರು ೧೯೪೯ರಲ್ಲಿ ಅದನ್ನು ಸಂಪಾದಿಸಿ ಕೊಟ್ಟರೆಂದೂ ಅರಿತವನು ಅದನ್ನು ಹುಡುಕಿಯಾನು. ಅರಿಯದವನಿಗೆ ಅದು ಸಮುದ್ರದ ತಳದಲ್ಲಿರುವ ಮುತ್ತು. ಹಳೆಯ ಪುಸ್ತಕದ ಅಂಗಡಿಯಲ್ಲಿಯಾದರೋ ಹೆಸರೇ ಕೇಳದ ಪುಸ್ತಕ ತಾನಾಗಿ ಕಾಲಿಗೆ ತೊಡರುತ್ತದೆ. ಇದಕ್ಕೂ ಮಿಗಿಲಾಗಿ, ‘ಇದನ್ನು ಓದು’ ಎಂದು ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನ ಕೈಗೆ ಇಡುವಾಗ ಪುಸ್ತಕದೊಡನೆ ಇನ್ನೇನೋ ಒಂದು ದಾಟುತ್ತದೆ. ಕೊಟ್ಟವನ ಮೇಲಿನ ವಿಶ್ವಾಸಕ್ಕಾಗಿಯಾದರೂ ಪಡೆದವನು ಮೊದಲ ಕಷ್ಟದ ಹತ್ತು ಪುಟಗಳನ್ನು ದಾಟುತ್ತಾನೆ. ಹಳಗನ್ನಡಕ್ಕೆ ಬೇಕಾದುದು ಆ ಹತ್ತು ಪುಟಗಳ ತಾಳ್ಮೆ. ಮುಂದೆ ರನ್ನನೇ ಕೈಹಿಡಿಯುತ್ತಾನೆ.

ಆದ್ದರಿಂದ ಅಧ್ಯಾಪಕ ಮಿತ್ರರಲ್ಲಿ ನನ್ನ ವಿಜ್ಞಾಪನೆ ಬಹು ಸಾಮಾನ್ಯವಾದದ್ದು. ವರ್ಷಕ್ಕೊಮ್ಮೆ ವಿದ್ಯಾರ್ಥಿಗಳನ್ನು ಹಳೆಯ ಪುಸ್ತಕದ ಬೀದಿಗೆ ಕರೆದುಕೊಂಡು ಹೋಗೋಣ. ಪ್ರವಾಸವೆಂದು ಜೋಗಕ್ಕೂ ಹಂಪೆಗೂ ಹೋಗುವವರಿಗೆ ಅದೇನೂ ದೂರವಲ್ಲ. ಪ್ರತಿಯೊಬ್ಬನೂ ನೂರು ರೂಪಾಯಿ ಮೀರದಂತೆ ಪಠ್ಯಕ್ಕೆ ಸಂಬಂಧಿಸದ ಒಂದು ಪುಸ್ತಕವನ್ನು ಆಯ್ದುಕೊಳ್ಳಲಿ. ಏಕೆ ಆಯ್ದೆನೆಂಬುದನ್ನು ತರಗತಿಯಲ್ಲಿ ಐದು ನಿಮಿಷ ಹೇಳಲಿ. ಕಾಲೇಜಿನ ಗ್ರಂಥಾಲಯಗಳು ಹಳೆಯ ಪ್ರತಿಗಳನ್ನು ತೆಗೆದುಹಾಕಬೇಕಾದಾಗ ಗುಜರಿಯವನನ್ನು ಕರೆಯುವ ಮೊದಲು ಒಂದು ವಾರ ಅವನ್ನು ಮೇಜಿನ ಮೇಲಿಟ್ಟು, ಬೇಕಾದವರು ಒಯ್ಯಿರಿ ಎನ್ನಲಿ. ಬೀರುಗಳ ಬೀಗದ ಕೈ ಎಲ್ಲಿದೆಯೆಂಬುದು ಒಬ್ಬರಿಗಾದರೂ ತಿಳಿದಿರಲಿ. ಕುಮಾರವ್ಯಾಸನನ್ನು ಅಕ್ಷರ ಬಾರದವರೂ ಸವಿದದ್ದು ಗಮಕಿಗಳ ಕಂಠದಿಂದ. ವಾರಕ್ಕೊಂದು ಗಂಟೆ, ಪರೀಕ್ಷೆಯ ಮಾತೆತ್ತದೆ, ಇಡಿಯ ಕಾವ್ಯವನ್ನು ಗಟ್ಟಿಯಾಗಿ ಓದುವುದಕ್ಕೆ ಯಾವ ವಿಶ್ವವಿದ್ಯಾನಿಲಯದ ಅಪ್ಪಣೆಯೂ ಬೇಕಾಗಿಲ್ಲ.

ಗುರುಗಳ ‘ಗದಾಯುದ್ಧ’ಕ್ಕೆ ಹೊಸ ರಟ್ಟು ಹಾಕಿಸಿದೆ. ಕಳೆದ ವರ್ಷ ಎರಡನೆಯ ಬಿ.ಎ. ತರಗತಿಯ ಹುಡುಗಿಯೊಬ್ಬಳು ಪಾಠದ ನಡುವೆ, “ಸಾರ್, ಇದರ ಮುಂದೇನಾಯಿತು?” ಎಂದು ಕೇಳಿದಳು. ಆ ಸಂಜೆ ಅದನ್ನೇ ಅವಳಿಗೆ ಕೊಟ್ಟೆ. ನನ್ನ ಬಳಿಯಿದ್ದ ಬೇರೆ ಪ್ರತಿಗಳಲ್ಲಿ ಒಂದನ್ನು ಕೊಡಬಹುದಾಗಿತ್ತು, ಕೊಡಲಿಲ್ಲ. ಅಂಚಿನಲ್ಲಿ ಏನಾದರೂ ಬರೆಯಬಹುದೇ ಎಂದು ಕೇಳಿದಳು. ಪೆನ್ಸಿಲಿನಲ್ಲಿ ಬರೆ ಎಂದೆ.

ಪುಸ್ತಕ ಇನ್ನೂ ಹಿಂದಿರುಗಿಲ್ಲ. ಬೀರುವಿನಲ್ಲಿ ಅದರ ಸ್ಥಳ ಹಾಗೆಯೇ ಖಾಲಿಯಿದೆ. ಕಂಡಾಗಲೆಲ್ಲ ಮನಸ್ಸು ಸ್ವಲ್ಪ ಚುರುಕ್ಕೆನ್ನುವುದನ್ನು ಮರೆಮಾಚಲಾರೆ. ಆದರೂ ಆ ಜಾಗದಲ್ಲಿ ಬೇರೆ ಪುಸ್ತಕವನ್ನು ಇಟ್ಟಿಲ್ಲ.