ಗಡಿಯಾರ ಮಾಡಿದವರೇ ಹೊತ್ತು ಮರೆತರೆ?

ಎಚ್.ಎಂ.ಟಿ. ವಾಚಿನ ಮಾತು ಬಂದರೆ ಹಿರಿಯರು ನಿಟ್ಟುಸಿರು ಬಿಡುತ್ತಾರೆ. ‘ಸರಕಾರಿ ಕಂಪನಿ ಅಲ್ವಾ, ಮುಳುಗೋದೇ’ ಅಂತ ನಮ್ಮ ಕಾಮರ್ಸ್ ಹುಡುಗರು ನಗುತ್ತಾರೆ. ಮಿತ್ರರೇ, ನಿಟ್ಟುಸಿರೂ ಬೇಡ, ನಗೆಯೂ ಬೇಡ, ಲೆಕ್ಕ ನೋಡೋಣ.

ಅಮೆರಿಕದ ಕನೆಕ್ಟಿಕಟ್‌ನಲ್ಲಿ ಎಲೈ ಟೆರಿ (1772–1852) ಎಂಬ ಗಡಿಯಾರದ ಕೆಲಸಗಾರನಿದ್ದ. ಆ ಕಾಲಕ್ಕೆ ಒಂದೊಂದು ಚಕ್ರವನ್ನೂ ಕೈಯಲ್ಲೇ ಮಾಡಬೇಕು. ಗಡಿಯಾರವೆಂದರೆ ಸಿರಿವಂತರ ಸೊತ್ತು. 1807ರ ಸುಮಾರಿಗೆ ಈತ ಮೂರು ವರ್ಷದಲ್ಲಿ 4000 ಮರದ ಗಡಿಯಾರ ಯಂತ್ರಗಳನ್ನು, ಒಂದಕ್ಕೆ 4 ಡಾಲರಿನಂತೆ, ಮಾಡಿಕೊಡಲು ಒಪ್ಪಿಕೊಂಡ. ಮೊದಲ ವರ್ಷವೆಲ್ಲ ಕಾರ್ಖಾನೆ ಹೂಡುವುದರಲ್ಲೇ ಹೋಯಿತು. ಆದರೆ ನೀರಿನ ಬಲದಿಂದ ಓಡುವ ಯಂತ್ರಗಳು ಒಂದೇ ಅಳತೆಯ ಬಿಡಿಭಾಗ ಕೊಯ್ದವು. ಇದರ ಚಕ್ರ ಅದಕ್ಕೂ ಕೂಡುತ್ತಿತ್ತು. ಕರಾರು ಮುಗಿಯಿತು. ಟೆರಿ ಅಲ್ಲಿಗೇ ನಿಲ್ಲಲಿಲ್ಲ. ಆಳೆತ್ತರದ ಗಡಿಯಾರ ಬಿಟ್ಟು, ಗೂಡಿನಲ್ಲಿಡುವ ಚಿಕ್ಕ ಗಡಿಯಾರ ಮಾಡಿ 1816ರಲ್ಲಿ ಪೇಟೆಂಟ್ ಪಡೆದ.

ನಮ್ಮಲ್ಲಿ ಅಂಥ ಕೆಲಸ ಮಾಡಿದ್ದು ಬೆಂಗಳೂರು. 1953ರಲ್ಲಿ ಹುಟ್ಟಿದ ಎಚ್.ಎಂ.ಟಿ., ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಕೈಗಡಿಯಾರ ಹೊರತಂದಿತು. ‘ಜನತಾ’ ಎಂಬ ಹೆಸರಿಗೆ ತಕ್ಕಂತೆ ಅದು ಮೇಷ್ಟರ, ಗುಮಾಸ್ತರ ಮಣಿಕಟ್ಟಿಗೆ ಬಂತು. ಕುರುಡರಿಗಾಗಿ ಬ್ರೈಲ್ ವಾಚನ್ನೂ ಮಾಡಿತು. ಇದು ಸಣ್ಣ ಸಾಧನೆಯಲ್ಲ.

ಮತ್ತೆ ಎಡವಿದ್ದೆಲ್ಲಿ? ಕ್ವಾರ್ಟ್ಜ್ ಬಂತು. ದಿನಾ ಕೀಲಿ ಕೊಡೋ ತಾಪತ್ರಯವಿಲ್ಲ, ಹೊತ್ತೂ ಹೆಚ್ಚು ಕರಾರುವಾಕ್ಕು. ಎಚ್.ಎಂ.ಟಿ. ಕೂಡ ಕ್ವಾರ್ಟ್ಜ್ ವಾಚು ಮಾಡಿತ್ತು. ಆದರೆ ಅದರ ಮನಸ್ಸೆಲ್ಲ ಕೀಲಿ ವಾಚಿನ ಮೇಲೇ. 1984ರಲ್ಲಿ ಹುಟ್ಟಿದ ಟೈಟನ್ ಕ್ವಾರ್ಟ್ಜನ್ನೇ ನೆಚ್ಚಿ ಪೇಟೆ ಗೆದ್ದಿತು. ಎಚ್.ಎಂ.ಟಿ. ವಾಚಸ್ ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿತು.

‘ಸರಕಾರ ಅನ್ನೋದೇ ರೋಗ’ ಎನ್ನುವವರಿಗೆ ಒಂದು ಮಾತು: ಟೈಟನ್ ಹುಟ್ಟಿದ್ದೂ ಟಾಟಾದ ಜೊತೆ ತಮಿಳುನಾಡು ಸರಕಾರದ ನಿಗಮ ಪಾಲು ಹಾಕಿದ್ದರಿಂದಲೇ. ಆದ್ದರಿಂದ ಮಾಲೀಕ ಯಾರು ಎಂಬುದೊಂದೇ ಉತ್ತರವಲ್ಲ. ಜನರಿಗಾಗಿ ಹುಟ್ಟಿದ ಕಾರ್ಖಾನೆ ಜನರ ಬದಲಾದ ಬೇಕು-ಬೇಡಗಳನ್ನು ಟೆರಿಯಂತೆ ನೋಡುತ್ತಿದೆಯೇ? ಅದು ಪ್ರಶ್ನೆ.

ಇದು ಬೆಂಗಳೂರಿನ ಕಥೆ, ನಮಗೇನು ಅನ್ನಬೇಡ್ರಿ. ಪಟಾನ್‌ಚೆರುವಿನಲ್ಲಿ ಎಷ್ಟೋ ಮನೆಗಳ ಒಲೆ ಉರಿಯೋದು ಕಾರ್ಖಾನೆಯ ಪಾಳಿಯ ಮೇಲೆ. ಗೇಟು ಮುಚ್ಚಿದರೆ ಲೆಕ್ಕಪುಸ್ತಕದಲ್ಲಿ ನಷ್ಟ ಕಾಣುತ್ತದೆ, ಕೈಯ ಕಸುಬು ಹೋದದ್ದು ಕಾಣೋದಿಲ್ಲ. ನಾಳೆ ಆ ಪುಸ್ತಕ ಬರೆಯುವವರು ನಾವೇ. ಗೇಟಿಗೆ ಬೀಗ ಬೀಳುವ ಹತ್ತು ವರ್ಷ ಮೊದಲೇ ಈ ಪ್ರಶ್ನೆ ಕೇಳುವುದನ್ನು ಕಲಿಯದಿದ್ದರೆ ನಮ್ಮ ಬಿ.ಕಾಂ. ಯಾತಕ್ಕೆ?