ತಿಂಡಿ ಆಯ್ತಾ? (ಕನ್ನಡ-ಕನ್ನಡ ಕನ್ಫ್ಯೂಷನ್, ಭಾಗ 6)

ಮೈಸೂರಲ್ಲಿ ಬೆಳಗ್ಗೆ ಯಾರೇ ಸಿಕ್ಕಿದ್ರೂ ‘ತಿಂಡಿ ಆಯ್ತಾ?’ ಅಂತ ಕೇಳೋದು ಒಂದು ಮರ್ಯಾದೆ. ಇದನ್ನೇ ಹುಬ್ಬಳ್ಳಿ, ವಿಜಯಪುರ ಕಡೆಯ ಫ್ರೆಂಡ್‌ಗೆ ಕೇಳಿ ನೋಡಿ. ಅಲ್ಲಿ ಬೆಳಗ್ಗೆ ತಿನ್ನೋದು ನಾಷ್ಟಾ. ತಿಂಡಿ ಅಂದ್ರೆ ತುರಿಕೆ! ಕಾಲು ಕೆರೆದು ಜಗಳಕ್ಕೆ ಬರೋರಿಗೂ ‘ತಿಂಡಿ ಐತೇನ್ಲೇ?’ ಅಂತಾರೆ. ಅಂದ್ರೆ ನಾವು ಸಿಕ್ಕಸಿಕ್ಕವರ ತುರಿಕೆ ವಿಚಾರಿಸ್ಕೊಂಡು ಓಡಾಡ್ತಿದ್ದೀವಿ. ಅದೂ ದಿನಾ, ನಗುನಗ್ತಾ 😄

ಇಷ್ಟಾದ್ರೂ ಕಾಲೇಜಲ್ಲಿ ನಗೆಪಾಟಲಾಗೋದು ಯಾರು? ಆ ಕಡೆಯಿಂದ ಬಂದವರೇ. ‘ಹೋಗೂಣು’, ‘ದೌಡ್ ಬಾ’ ಅಂದ್ರೆ ಸಾಕು, ಹಿಂದಿನ ಬೆಂಚಿಂದ ಮಿಮಿಕ್ರಿ ಶುರು. ಬ್ಯಾಲೆನ್ಸ್ ಶೀಟ್ ನಮಗಿಂತ ಚೆನ್ನಾಗಿ ಗೊತ್ತಿರೋ ಹುಡುಗಿ, ನಗ್ತಾರೆ ಅಂತ ಸೆಮಿನಾರಲ್ಲಿ ಬಾಯೇ ಬಿಡಲ್ಲ. ಒಂದು ಸೆಮಿಸ್ಟರ್ ಮುಗಿಯೋಷ್ಟರಲ್ಲಿ ‘ನಮ್ಮ ಥರ’ ಮಾತಾಡೋಕೆ ಕಲ್ತಿರ್ತಾರೆ. ಮನೆಗೆ ಫೋನ್ ಮಾಡುವಾಗ ಮಾತ್ರ ಕಾರಿಡಾರ್ ಕೊನೆಗೆ ಹೋಗ್ತಾರೆ. ಇದು ನನಗಂತೂ ಕಾಮಿಡಿ ಅನ್ಸಲ್ಲ.

ನಗಬೇಡಿ ಅಂತ ಹೇಳ್ತಿಲ್ಲ. ತಿಂಡಿ ಜೋಕಿಗೆ ಎರಡೂ ಕಡೆಯವರು ಬಿದ್ದು ಬಿದ್ದು ನಗಬಹುದು. ಮಿಮಿಕ್ರಿಗೆ ನಗೋದು ಒಂದೇ ಕಡೆಯವರು. ಒಂದ್ಸಲ ಅವರಿಗೂ ಚಾನ್ಸ್ ಕೊಡಿ, ನಮ್ಮ ‘ಏನ್ ಗುರು’ ಅವರ ಕಿವಿಗೆ ಹೇಗೆ ಕೇಳ್ಸತ್ತೆ ಅಂತ ಮಾಡಿ ತೋರಿಸ್ಲಿ.

ನಿಮ್ಮೂರಲ್ಲಿ ಇಂಥ ಪದ ಯಾವುದಿದೆ? ಕಮೆಂಟಲ್ಲಿ ಹಾಕಿ 👇